ಹನ್ನೊಂದು ವರ್ಷದ ನಂಟು: ತೇಗದ ದೋಣಿ ಮತ್ತು ವನಜಮ್ಮ

ಬೆಳಗಿನ ಆರು ಗಂಟೆ. ಹಾರಂಗಿ ಹಿನ್ನೀರಿನ ಮೇಲಿನ ಮಂಜು ಇನ್ನೂ ಕದಲಿಲ್ಲ. ದಡಕ್ಕೆ ಕಟ್ಟಿದ ಮೂವತ್ತೆಂಟು ಅಡಿಯ ತೇಗದ ಮೋಟಾರು ದೋಣಿಯೊಳಗೆ ವನಜಮ್ಮ ಮಂಡಿಯೂರಿ ಕೂತು ನೆಲದ ಹಲಗೆಯೊಂದನ್ನು ಎತ್ತುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಮೊಣಕೈವರೆಗೂ ಇಳಿಸಿ ತಡಕುತ್ತಾರೆ. ದೋಣಿ ನೀರಿಗಿಳಿದು ಇವತ್ತಿಗೆ ಮೂರನೆಯ ದಿನ. ಇವತ್ತೂ ಒಳಗೆ ನೀರು ನಿಂತಿದ್ದರೆ ದೋಣಿಯೇ ರೆಸಾರ್ಟಿನ ಗೇಟಿನ ಪಕ್ಕ ಐಸ್‌ಕ್ರೀಮ್ ಅಂಗಡಿಯಾಗುತ್ತದೆ.

"ಏನಾಯ್ತು ವನಜಕ್ಕ?" ದಡದಿಂದ ದೋಣಿಯ ಡ್ರೈವರ್ ಸತೀಶ್ ಕೇಳುತ್ತಾನೆ.

"ತಾಳಪ್ಪ, ಇನ್ನೂ ಮೂರು ಹಲಗೆ ಎತ್ತಬೇಕು."

ವನಜಮ್ಮನಿಗೆ ಐವತ್ತನಾಲ್ಕು. ಹೆತ್ತವರು ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಗಂಡ ತೀರಿಕೊಂಡ ಮೇಲೆ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಗೋಣಿಚೀಲ ಹೊಲಿದು ಮಗಳನ್ನು ಓದಿಸಿದರು. ಹನ್ನೊಂದು ವರ್ಷದ ಹಿಂದೆ ಈ ರೆಸಾರ್ಟಿಗೆ ಕಸ ಗುಡಿಸಲು ಸೇರಿದಾಗ ದೋಣಿಯೂ ಆಗಷ್ಟೇ ಬಂದಿತ್ತು. ಅದರ ಹಳೆಯ ಬಣ್ಣ ಕೆರೆಯಲು ಬೇರೆ ಯಾರೂ ಒಪ್ಪಲಿಲ್ಲ. ಇವರು ಒಪ್ಪಿದರು. ಮಂಗಳೂರಿನ ವಯಸ್ಸಾದ ಬಡಗಿಯೊಬ್ಬರು ಹಲಗೆಗಳ ಸಂದಿಗೆ ಎಣ್ಣೆ ಸವರಿದ ಹತ್ತಿ ಹುರಿ ತುಂಬುವುದನ್ನು ತೋರಿಸಿಕೊಟ್ಟರು. ದಬ್ಬಳ ಹಿಡಿದು ಪಳಗಿದ ಕೈಗೆ ಅದು ಬೇಗ ಹತ್ತಿತು. ಈಗ ವರ್ಷಕ್ಕೆ ನಾನೂರು ಅಡಿ ಹುರಿ ತುಂಬುತ್ತಾರೆ. ಇಪ್ಪತ್ತೆರಡು ಹಿತ್ತಾಳೆ ಕಂಬಿಗಳನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ.

ದೋಣಿಯ ಚರಿತ್ರೆ ಅವರಿಗೆ ಸಿಕ್ಕಿದ್ದು ಬಣ್ಣ ಕೆರೆಯುವಾಗ, ಆ ಬಡಗಿಯ ಬಾಯಿಂದ. ಮೇಲೆ ಹಸಿರು, ಅದರ ಮೇಲೆ 'ರೋಸಿ' ಎಂಬ ಹೆಸರು. ಅದು ಪಾಲಿಬೆಟ್ಟದ ಎಸ್ಟೇಟ್ ಮಾಲೀಕರೊಬ್ಬರ ಮಗಳ ಹೆಸರು. ದೋಣಿಯನ್ನು ಲಾರಿಯಲ್ಲಿ ಸಂಪಾಜೆ ಘಾಟಿ ಹತ್ತಿಸಿ ತೋಟದ ಕೆರೆಗೆ ಇಳಿಸಿದವರು ಆ ಮಾಲೀಕರೇ. ಸೋಫಾ, ಐಸ್ ಪೆಟ್ಟಿಗೆಯೆಲ್ಲ ಇದ್ದ ದೋಣಿಗೆ ಆ ಕೆರೆಯಲ್ಲಿ ತಿರುಗಲು ಜಾಗವಿಲ್ಲದೆ, ಅದು ಹೋದ ದಾರಿಯಲ್ಲೇ ಹಿಮ್ಮುಖವಾಗಿ ಬರುತ್ತಿತ್ತಂತೆ. ಹಸಿರಿನ ಕೆಳಗೆ ಬಿಳಿ, ಬಿಳಿಯ ಮೇಲೆ 'ಸುಲೋಚನಾ'. ದೋಣಿ ಕಟ್ಟಿಸಿದ ಮಂಗಳೂರಿನ ಹೆಂಚಿನ ವ್ಯಾಪಾರಿಯ ಹೆಂಡತಿ. "ಆಯಮ್ಮನ ಹೆಸರು ಕೆರೆಯೋವಾಗ ಕೈಯೇ ಬರ್ಲಿಲ್ಲ. ಒಂದಿನಾದ್ರೂ ಇದರಲ್ಲಿ ಕೂತು ಆರಾಮಾಗಿ ಗಾಳಿ ತಗೊಂಡಿದ್ರೋ ಇಲ್ವೋ," ಎನ್ನುತ್ತಾರೆ ವನಜಮ್ಮ. ಈಗ ದೋಣಿಗೆ ನೀಲಿ ಬಣ್ಣ. ಹೆಸರು 'ದಿವ್ಯಶ್ರೀ', ರೆಸಾರ್ಟಿನ ಮಾಲೀಕ ಶಿವಪ್ರಕಾಶ್ ಅವರ ಹೆಂಡತಿಯದು. ರೆಸಾರ್ಟಿನ ಅಡುಗೆಮನೆ ಆಕೆಯ ಸುಪರ್ದಿನಲ್ಲಿದೆ.

ಈ ಬೇಸಿಗೆಯಲ್ಲಿ ಇಂಜಿನ್ ರಿಪೇರಿಗೆಂದು ಮೇಲೆಳೆದ ದೋಣಿ ನಾಲ್ಕು ತಿಂಗಳು ಬಿಸಿಲಿಗೆ ಒಣಗಿತು. ವನಜಮ್ಮ ನಾದಿನಿಯ ಮಗಳ ಮದುವೆಗೆ ಹೋಗಿದ್ದಾಗ ಶಿವಪ್ರಕಾಶ್ ಒಳ್ಳೆಯ ದಿನ ನೋಡಿ ಅದನ್ನು ನೇರವಾಗಿ ನೀರಿಗಿಳಿಸಿದರು. ಒಂದೇ ಗಂಟೆಯಲ್ಲಿ ಒಳಗೆ ಮೊಣಕಾಲುದ್ದ ನೀರು. ಬೇಸತ್ತು ಮತ್ತೆ ಮೇಲೆಳೆಸಿ, ಐಸ್‌ಕ್ರೀಮ್ ಅಂಗಡಿಗೆ ಬೋರ್ಡು ಬರೆಯಲೂ ಹೇಳಿಬಿಟ್ಟರು. ಮದುವೆಯಿಂದ ಬಂದ ವನಜಮ್ಮ ಸೀದಾ ಆಫೀಸಿಗೆ ನಡೆದರು.

"ಮರದ ಬಾನಿ ಒಣಗಿ ಸೋರಿದ್ರೆ ಒಲೆಗೆ ಹಾಕ್ತಾರಾ ಸಾರ್? ನೆನೆಹಾಕ್ತಾರೆ. ಹತ್ತು ದಿನ ಕೊಡಿ."

ಅವರು ಒಪ್ಪಿದ್ದೇ ವನಜಮ್ಮ ಕ್ಯೂರಿಂಗಿನ ಹಳೆಯ ಗೆಳತಿಯರಿಂದ ಅರವತ್ತು ಗೋಣಿಚೀಲ ತಂದರು. ದೋಣಿಯ ಒಳಗೂ ಹೊರಗೂ ಹೊದಿಸಿ ಏಳು ದಿನ ಹೊತ್ತುಹೊತ್ತಿಗೆ ನೆನೆಸಿದರು. ದೋಣಿಗೆ ಬಾಣಂತನವೇ ಎಂದು ಸತೀಶ್ ಛೇಡಿಸಿದ್ದಕ್ಕೆ, ಹಾಗಾದರೆ ನೀರು ಹೊರು ಎಂದು ಅವನ ಕೈಗೇ ಕೊಡ ಕೊಟ್ಟರು. ನೀರು ಕುಡಿದ ಮರ ಉಬ್ಬಿ ಸಂದಿ ಮುಚ್ಚಿಕೊಳ್ಳಬೇಕು. ನೀರಿಗಿಳಿಸಿದ ಮೊದಲ ದಿನ ಹದಿನಾಲ್ಕು ಬಕೆಟ್ ಎತ್ತಿ ಚೆಲ್ಲಿದರು. ನಿನ್ನೆ ನಾಲ್ಕು.

ಈಗ ಕೊನೆಯ ಹಲಗೆ. ವನಜಮ್ಮ ಕೈ ಹೊರಗೆ ತೆಗೆದು ಅಂಗೈ ಬಿಚ್ಚುತ್ತಾರೆ. ಬೆರಳಿಗೆ ಹತ್ತಿದ ತೇವ, ಚೀಲದಿಂದ ಉದುರಿದ ಒಂದು ಕಾಫಿ ಬೀಜ. ಅಷ್ಟೇ. ಅವರ ನಗು ದಡಕ್ಕೂ ಕೇಳಿಸುತ್ತದೆ.

ಸತೀಶ್ ಚಾಲೂ ಮಾಡಿದ ಇಂಜಿನ್ ಸದ್ದಿಗೆ ಶಿವಪ್ರಕಾಶ್ ಇಳಿದು ಬರುತ್ತಾರೆ. ಹಲಗೆಯ ಕೆಳಗೆ ತಾವೇ ಬಗ್ಗಿ ನೋಡಿ, ಬೋರ್ಡು ಬೇಡವೆಂದು ಅಲ್ಲಿಂದಲೇ ಫೋನ್ ಮಾಡುತ್ತಾರೆ. ಆಮೇಲೆ ಸ್ವಲ್ಪ ಸಂಕೋಚದಿಂದ, ಹೇಗೂ ಹೊಸ ಬಣ್ಣ ಹೊಡೆಸಬೇಕು, ನಿಮ್ಮ ಹೆಸರೇ ಬರೆಸೋಣವೇ ಎಂದು ಕೇಳುತ್ತಾರೆ.

"ಬ್ಯಾಡ ಸಾರ್, ಮುಂದೆ ಅದನ್ನೂ ನಾನೇ ಕೆರೀಬೇಕು," ಎನ್ನುತ್ತ ವನಜಮ್ಮ ಸೋಫಾದ ಮೇಲಿನ ಗೋಣಿಚೀಲ ತೆಗೆದು ಮಡಚುತ್ತಾರೆ. "ಅಡುಗೆಮನೆಯಿಂದ ದಿವ್ಯಶ್ರೀ ಅಮ್ಮೋರ್ನ ಕರ್ಕೊಂಡ್ ಬನ್ನಿ. ಅವರ ಹೆಸರು ಬರೆದು ಹನ್ನೊಂದು ವರ್ಷ ಆಯ್ತು. ಒಂದು ಸಲಾನೂ ಇಲ್ಲಿ ಕೂತಿಲ್ಲ."