ಲಾಭ ಆದ ಮೇಲೆ ಮೂರು

ನನ್ನ ಮದುವೆಯ ದಿನ ಬೆಳಿಗ್ಗೆ ದೊಡ್ಡಪ್ಪನ ಕಾರು ಸ್ಟಾರ್ಟ್ ಆಗಲಿಲ್ಲ. ಎಪ್ಪತ್ತರ ದಶಕದ ಮಾತು. ಧಾರೆ ಮಳವಳ್ಳಿಯ ಛತ್ರದಲ್ಲಿ, ನಾವಿದ್ದದ್ದು ವೈದ್ಯನಾಥಪುರದಲ್ಲಿ. ನೆಂಟರೆಲ್ಲ ಬಸ್ಸಿಗೆ ಹೋಗಿಯಾಗಿತ್ತು. ಮದುವೆ ಹೆಣ್ಣು ಬಸ್ಸಿನಲ್ಲಿ ಹೋದರೆ ಮರ್ಯಾದೆ ಏನಾಗಬೇಕು ಎಂದು ದೊಡ್ಡಪ್ಪ ನನ್ನನ್ನೂ ಅವ್ವನನ್ನೂ ಉಳಿಸಿಕೊಂಡಿದ್ದರು. ಆ ಮರ್ಯಾದೆಗಾಗಿಯೇ ಮಂಡ್ಯದಲ್ಲಿ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದು. ಹಿಂದಿನ ದಿನ ಮಂಡ್ಯದಿಂದ ಗುಂಯ್ಯೆಂದು ಬಂದ ಕಾರು ಈಗ ಉಬ್ಬಸದವರ ಹಾಗೆ ಕೆಮ್ಮಿ, ಢಬ್ಬೆಂದು ಹೊಗೆ ಉಗುಳಿ ಸುಮ್ಮನಾಗುತ್ತಿತ್ತು.

ದೊಡ್ಡಪ್ಪ ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಬೆವೆತರು. ಅವ್ವ ಹರಕೆ ಹೊತ್ತಳು. ನಾನು ಧಾರೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಕಾರು ತಳ್ಳಿದೆ. ಅದೂ ಆಯಿತು. ಮುಹೂರ್ತ ಮೀರಿದರೆ ಗಂಡಿನವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆಯ ಜೊತೆಗೆ ಮೂಗಿನ ತುದಿಯಲ್ಲಿ ಕೋಪ.

"ನಿನ್ನೆ ಬಂದಿದ್ದು ಇವತ್ಯಾಕೆ ಬರಕಿಲ್ಲ? ಏನಾರ ಮುಟ್ಟಿದ್ಯಾ ದೊಡ್ಡಪ್ಪ?"

"ನಾನೇನೂ ಮುಟ್ನಿಲ್ಲ ಕಣವ್ವ. ಸರಿ ಮಾಡ್ದೆ, ಅಷ್ಟೆಯಾ."

ಬಾನೆಟ್ ಎತ್ತಿಸಿದೆ. ಎಂಜಿನ್ನಿನಿಂದ ಬರುವ ನಾಲ್ಕು ತಂತಿಗಳು ಒಂದು ದುಂಡನೆಯ ಮುಚ್ಚಳಕ್ಕೆ ಸೇರುತ್ತಿದ್ದವು. ಮೆಕ್ಯಾನಿಕ್ ತಂತಿಗಳಿಗೆ ನಂಬರು ಅಂಟಿಸಿ, ಮುಚ್ಚಳದ ಸುತ್ತ ಸೀಮೆಸುಣ್ಣದಲ್ಲಿ ಒಂದು, ಮೂರು, ನಾಲ್ಕು, ಎರಡು ಎಂದು ಎಂಜಿನ್ನಿಗೆ ಕಿಡಿ ಹೋಗುವ ಸರದಿ ಬರೆದಿದ್ದ. ಹಿಂದಿನ ಸಂಜೆ ಕಾರು ಒರೆಸುವಾಗ ಅದು ದೊಡ್ಡಪ್ಪನ ಕಣ್ಣಿಗೆ ಬಿದ್ದಿದೆ. ಕಣದಲ್ಲಿ ರಾಗಿ ಅಳೆದೇ ತಲೆ ಹಣ್ಣಾದವರು ಅವರು. ಮೊದಲ ಕೊಳಗಕ್ಕೆ ಒಂದು ಎನ್ನದೆ 'ಲಾಭ' ಎಂದು ಕೂಗಿ, ಆಮೇಲೆ ಎರಡು, ಮೂರು ಎಂದು ತಪ್ಪದೆ ಹೋಗುವವರು. ನಡುವೆ ಎಣಿಕೆ ಹಾರಿಸಿದವನು ಅವರ ಪಾಲಿಗೆ ಕಳ್ಳ. ತಂತಿಗಳನ್ನೆಲ್ಲ ಕಿತ್ತು ವರಸೆಯಾಗಿ ಒಂದು, ಎರಡು, ಮೂರು, ನಾಲ್ಕು ಜೋಡಿಸಿದ್ದರು.

"ಲಾಭ ಆದ್ಮೇಲೆ ಯಾವನಾರ ಮೂರು ಅಂತಾನೇನವ್ವ?"

"ಇದೇನು ರಾಗಿನಾ? ಅವ್ನು ಬರ್ದಂಗೇ ಆಕು!"

ಅವರ ಕೈ ಮುಂದಾಗಲಿಲ್ಲ. ಮದುವೆಯ ದಿನ ಲೆಕ್ಕ ಹಾರಿಸುವುದೆಂದರೆ ಅವರಿಗೆ ನಿಜವಾಗಿಯೂ ಭಯ. ಕೊನೆಗೆ ನಾನೇ ಅರ್ಧ ಅಳಿಸಿದ್ದ ಸೀಮೆಸುಣ್ಣದ ಗುರುತು ಹುಡುಕಿ, "ಲಾಭ! ಮೂರು! ನಾಲ್ಕು! ಎರಡು!" ಎಂದು ಗಟ್ಟಿಯಾಗಿ ಕೂಗುತ್ತಾ ತಂತಿ ಸಿಕ್ಕಿಸಿದೆ. ದೊಡ್ಡಪ್ಪ ಕಿವಿ ಮುಚ್ಚಿಕೊಂಡರು. ಹ್ಯಾಂಡಲಿನ ಒಂದೇ ಸುತ್ತಿಗೆ ಕಾರು ಸ್ಟಾರ್ಟ್ ಆಯಿತು.

ಭಾರತೀನಗರ ದಾಟಿ ಕಬ್ಬಿನ ಗಾಡಿಗಳ ಸಾಲು ಮುಗಿದಾಗ, ಎದುರಿಗೆ ಪೇಟ ಸುತ್ತಿದ ಒಬ್ಬರು ಪಂಚೆ ಎತ್ತಿಕಟ್ಟಿ ಸೈಕಲ್ ತುಳಿದುಕೊಂಡು ಬರುತ್ತಿದ್ದರು. "ಅಯ್ಯೋ, ಗಂಡು ಕಣೇ!" ಎಂದು ಅವ್ವ ಕಿರುಚಿದಳು. ಹೆಣ್ಣು ಒಲ್ಲೆ ಅಂದಳೇನೋ ಎಂದು ಛತ್ರದಲ್ಲಿ ಗುಸುಗುಸು ಎದ್ದಿತ್ತಂತೆ. ಅದು ಕಿವಿಗೆ ಬಿದ್ದು ಇವರು ಯಾರದೋ ಸೈಕಲ್ ಹತ್ತಿ ಹೊರಟುಬಿಟ್ಟಿದ್ದರು. ಎಂಜಿನ್ ಆರಿಬಿಟ್ಟರೆ ಎಂಬ ಹೆದರಿಕೆಗೆ ದೊಡ್ಡಪ್ಪ ಕಾರನ್ನು ಪೂರ್ತಿ ನಿಲ್ಲಿಸಲೇ ಇಲ್ಲ. "ಓಡ್ಬಂದು ಅತ್ಕಳಪ್ಪ!" ಅಂದರು. ಇವರು ಸೈಕಲ್ಲನ್ನು ಬೇಲಿಗೆ ಒರಗಿಸಿ, ಓಡಿ ಬಂದು ಹತ್ತಿಕೊಂಡರು. ಧಾರೆಗೆ ಮುಂಚೆ ಮುಖ ನೋಡಬಾರದೆಂದು ಅವ್ವ ನಮ್ಮಿಬ್ಬರ ನಡುವೆ ಟವೆಲ್ ಹಿಡಿದಳು.

ಟವೆಲಿನ ಆಚೆಯಿಂದ ಏದುಸಿರಿನ ಮಾತು ಬಂತು. "ನಿಮ್ಗೆ ಇಷ್ಟ ಇಲ್ದಿದ್ರೆ ಈಗ್ಲೇ ಯೋಳ್ಬುಡಿ. ನಾನೇ ಒಲ್ಲೆ ಅಂದೆ ಅಂತ ಎಲ್ರಿಗೂ ಯೋಳ್ತೀನಿ. ನಿಮ್ಮೇಲೆ ಮಾತು ಬರಕೆ ಬುಡಕಿಲ್ಲ."

ಅಲ್ಲಿಯತನಕ ನಾನು ಮದುವೆಗೆ ಒಪ್ಪಿದ್ದೆ, ಅಷ್ಟೆ. ಇಷ್ಟವೇ ಎಂದು ಯಾರೂ ಕೇಳಿರಲಿಲ್ಲ. ಮಸಿ ಹತ್ತಿದ ಕೈಯಲ್ಲೇ ಟವೆಲ್ ಪಕ್ಕಕ್ಕೆ ಸರಿಸಿ ಅವರ ಮುಖ ನೋಡಿದೆ. ಅವ್ವ ಬೈಯುತ್ತಲೇ ಇದ್ದಳು.

"ಇಷ್ಟ ಐತೆ," ಅಂದೆ.