ಕರಿಬಂಡೆಯ ಮೇಲಿನ ಪೊರೆ

ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಹೋದ ಬೇಸಿಗೆಯಲ್ಲಿ ಆ ಸಂಗಮದ ಕೆಳಗೆ, ಒಂದು ಕರಿಬಂಡೆಯ ಮೇಲೆ ನನಗೆ ಒಣ ಪೊರೆಯೊಂದು ಸಿಕ್ಕಿತ್ತು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಿಂದ ಮೇಲೆ ಹತ್ತಿ, ಬೆನ್ನು ಸೀಳಿಕೊಂಡು ಹಾರಿಹೋದ ಮೇಲೆ ಉಳಿಯುವ ಪೊರೆ. ಗಿಡ್ಡ ದಪ್ಪ ಮೀಸೆ, ಅಗೆಯಲು ತಕ್ಕ ಮುಂಗಾಲು. ಹರಿಯುವ ನೀರಿನಡಿಯ ಮರಳಲ್ಲಿ ಹೂತುಕೊಂಡು ಬೆಳೆಯುವ ಕುಲದ್ದು ಎಂಬಷ್ಟು ಗೊತ್ತಾಯಿತು. ಯಾವ ಪ್ರಭೇದ ಎನ್ನಲು ರೆಕ್ಕೆ ಬಂದ ಗಂಡೇ ಬೇಕು. ಬಾಲದ ತುದಿಯ ಕೊಂಡಿಗಳನ್ನು ನೋಡದೆ ಹೆಸರು ಹೇಳುವಂತಿಲ್ಲ. ಅಷ್ಟರಲ್ಲಿ ಅವು ಹಾರುವ ಹಂಗಾಮು ಮುಗಿದಿತ್ತು. ಪೊರೆಯನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲಿಟ್ಟು ಮುಂದಿನ ಬೇಸಿಗೆಗೆ ಕಾದೆ.

ಈ ಸಲ ಇಜೇರಿ ಊರಿನ ದೊಡ್ಡವ್ವ ಜೊತೆಗೆ ಬಂದಳು. ನಾನೊಬ್ಬಳೇ ಹೊಳೆದಂಡೆಗೆ ಹೋಗಲು ಮನೆಯಲ್ಲಿ ಒಪ್ಪಿಗೆಯಿಲ್ಲ. ಹುಳದ ವಿಷಯ ಅವಳೊಬ್ಬಳಿಗೇ ಹೇಳಿದ್ದೆ.

“ಯಾರರ ಕೇಳಿದ್ರ ಏನ್ ಹೇಳ್ಲಿ ಬೇ? ಲಗ್ನದ ಹುಡುಗಿ ಹುಳ ಹಿಡ್ಯಾಕ ಬಂದಾಳ ಅನ್ನಲೇನು?” ಬಸ್ಸಿನಲ್ಲಿ ಕೇಳಿದಳು.

“ದರ್ಶನಕ್ಕ ಬಂದೇವಿ ಅನ್ನು.”

“ದೇವರ ಊರಾಗ ಸುಳ್ಳ ಹೇಳಸ್ತಿ.” ಸ್ವಲ್ಪ ಹೊತ್ತಿನ ಮೇಲೆ ತಾನೇ, “ಕಾಯಿ ತಂದೇನಿ. ನಿನ್ನ ಹುಳ ಸಿಕ್ರ ದತ್ತಗ ಒಡಸ್ತೇನಂತ ಬೇಡ್ಕೊಂಡೇನಿ. ಈಗ ಸುಳ್ಳಲ್ಲ,” ಎಂದಳು.

ಬಂಡೆಯನ್ನು ಗುರುತಿಸಲು ಹೊತ್ತು ಹಿಡಿಯಿತು. ಅರ್ಧಕ್ಕಿಂತ ಹೆಚ್ಚು ಮುಳುಗಿತ್ತು. ಕೆಳಗಡೆ ಬ್ಯಾರೇಜಿನ ಗೇಟು ಹಾಕಿದ್ದರು. ಹಿನ್ನೀರು ಇಲ್ಲಿಯವರೆಗೆ ಬಂದು ನಿಂತಿತ್ತು. ಒಂದು ಎಲೆ ಹಾಕಿ ನೋಡಿದೆ. ಅದು ಎಲ್ಲಿಗೂ ಹೋಗಲಿಲ್ಲ. ಮರಳನ್ನು ಟ್ರ್ಯಾಕ್ಟರುಗಳು ಹೊತ್ತೊಯ್ದಿದ್ದವು. ದಂಡೆಯ ಇಳಿಜಾರಿನಲ್ಲಿ ಗಾಲಿಯ ಗುರುತು ಇನ್ನೂ ಇತ್ತು. ಕಾಲಿಟ್ಟರೆ ಕರಿ ರಾಡಿ ಮೀನಖಂಡದವರೆಗೆ ಬಂತು. ನೀರಿನ ಮೇಲೆ ಕಾಣುವ ಬಂಡೆಗಳನ್ನೆಲ್ಲ ನೋಡಿದೆ. ಒಂದೂ ಪೊರೆ ಇರಲಿಲ್ಲ. ಹರಿವಿಲ್ಲದೆ ಆ ಮರಿ ರಾಡಿಯಡಿ ಉಸಿರಾಡಲಾರದು.

“ಇಲ್ಲಿ ನೋಡ್ ಬಾ,” ದೊಡ್ಡವ್ವ ಕರೆದಳು. ಅಂತರಗಂಗೆಯ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು ತುಂಬಿಕೊಂಡಿದ್ದವು. “ಒಂದ್ ಕೇಳಿದ್ರ ಎಷ್ಟ್ ಕೊಟ್ಟಾನ ನೋಡು. ಇವೇ ಅಲ್ಲೇನು?”

ಅವು ನಿಂತ ನೀರಿನವು. ಕೆರೆಯೋ ಕಲ್ಲಿನ ಖಣಿಯೋ, ಎಲ್ಲಿಯಾದರೂ ಹುಟ್ಟುತ್ತವೆ. ಅವು ಅಷ್ಟೊಂದು ಇದ್ದದ್ದೇ ನಾನು ಹುಡುಕಿ ಬಂದದ್ದು ಅಲ್ಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿತ್ತು. ದೊಡ್ಡವ್ವ ಆಗಲೇ ಚೀಲದಿಂದ ಕಾಯಿ ತೆಗೆದು ಜುಟ್ಟು ಹಿಡಿದುಕೊಂಡಿದ್ದಳು.

“ಹೌದು, ಇವೇ,” ಎಂದೆ.

ಗುಡಿಯಲ್ಲಿ ಕಾಯಿ ಒಡೆಸಿದಳು. ಒಂದು ಹೋಳು ನನ್ನ ಕೈಗಿಟ್ಟಳು. ಮರಳಿ ಬರುವ ಬಸ್ಸಿನಲ್ಲಿ, “ಅದರ ಹೆಸರೇನಂದಿ?” ಎಂದು ಕೇಳಿದಾಗ ಕೆಂಪು ಚಿಟ್ಟೆಯ ಹೆಸರು ಹೇಳಿದೆ. ಅವಳು ಅದನ್ನು ಬಾಯೊಳಗೇ ಎರಡು ಸಲ ಅಂದುಕೊಂಡಳು. ನನ್ನ ಚೀಲದಲ್ಲಿದ್ದ ಬೆಂಕಿಪೊಟ್ಟಣಕ್ಕೆ ಅಂಟಿಸಿದ ಚೀಟಿಯಲ್ಲಿ ಊರು ಇದೆ, ಹೋದ ಬೇಸಿಗೆಯ ತಾರೀಖು ಇದೆ. ಹೆಸರಿನ ಜಾಗ ಖಾಲಿ.