ಅಂಗಡಿ ಅತ್ತೆಯ ದೊಡ್ಡ ಚೀಲ

"ಅಂಗಡಿ ಅತ್ತೆ ತಕ್ಕಡಿಗೆ ಒಂದು ಕಾಳೂ ಹೆಚ್ಚಿಗೆ ಹಾಕಲ್ಲ, ಮಾತು ಮಾತ್ರ ಸೇರುಗಟ್ಟಲೆ ಸುರೀತಾಳೆ" ಎಂದು ಓಣಿಯವರು ನಗುತ್ತಿದ್ದರು. ನಗುನಗುತ್ತಲೇ ಅವಳ ಅಂಗಡಿಗೇ ಹೋಗುತ್ತಿದ್ದರು. ಅಂಗಡಿಯೆಂದರೇನು, ಮನೆಯ ಮುಂದಿನ ಕೋಣೆ. ಕಿಟಕಿಯ ಕಂಬಿ ತೆಗೆಸಿ ಹಲಗೆ ಹಾಕಿಸಿದ್ದಳು. ಹಲಗೆಯ ಹಿಂದೆ ಸಕ್ಕರೆ, ಬೇಳೆ, ಸೋಪು. ಅದರ ಹಿಂದೆ ಅವಳ ಮಂಚ, ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಆ ಕಿಟಕಿಗೆ ಬರುವ ಮುಖಗಳೇ ಅವಳ ಸಂಸಾರ.

ಅದರಲ್ಲೂ ಬೀದಿ ಕೊನೆಯ ಇಸ್ತ್ರಿಯವಳು. ಸಂಜೆ ಒಂದು ಹಿಡಿ ಬೇಳೆಯೋ ಚೂರು ಸಕ್ಕರೆಯೋ ಕೊಂಡು, ಹಲಗೆಗೆ ಮೊಣಕೈ ಊರಿ, ಊರ ಸುದ್ದಿಯನ್ನೆಲ್ಲ ಒದರಿ ಹೋಗುವವಳು. ಅವಳು ಬಾರದೆ ಅತ್ತೆ ಕಿಟಕಿ ಮುಚ್ಚುತ್ತಿರಲಿಲ್ಲ.

ಒಂದು ಸಲ ಚರಂಡಿ ಕಟ್ಟಿಕೊಂಡು ಕೊಳಕು ನೀರು ಹೊಸ್ತಿಲವರೆಗೆ ಬಂತು. ಅತ್ತೆ ಕೋಲು ಹಾಕಿ ಎಳೆದರೆ ಬಂದದ್ದೆಲ್ಲ ಪ್ಲಾಸ್ಟಿಕ್ ಕವರು, ಅದೂ ತಾನೇ ಕೊಟ್ಟ ನೀಲಿ ಕವರು. ಅವತ್ತೇ ಕವರು ಕೊಡುವುದು ನಿಲ್ಲಿಸಿದಳು. ಪರದೆಯ ದಪ್ಪ ಬಟ್ಟೆ ತಂದು ಚೀಲ ಹೊಲಿಯಲು ಕೂತಳು. ಹೊಲಿಯುವುದೇ ಆದರೆ ಜಿಪುಣತನ ಯಾಕೆ ಎಂದು, ಮಗುವನ್ನೇ ಕೂರಿಸಿ ಹೊತ್ತೊಯ್ಯುವಷ್ಟು ದೊಡ್ಡ ಚೀಲ ಮಾಡಿದಳು. ಇಸ್ತ್ರಿಯವಳಿಗೆ ಹೂವಿನ ಬಟ್ಟೆಯದು, ಎಲ್ಲರದ್ದಕ್ಕಿಂತ ದೊಡ್ಡದು.

ಕೆಲವೇ ದಿನಗಳಲ್ಲಿ ಇಸ್ತ್ರಿಯವಳು ನಾಪತ್ತೆ. ಒಂದು ಸಂಜೆ ನೋಡಿದರೆ, ಎದುರಂಗಡಿಯಿಂದ ಕವರು ಹಿಡಿದು, ಈ ಕಡೆ ಕಣ್ಣೆತ್ತದೆ ಸರಸರ ನಡೆದುಬಿಟ್ಟಳು. ಒಬ್ಬ ಗಿರಾಕಿ ಹೋದರೆ ಹೋಗಲಿ, ಗೆಳತಿ ಹೋದರೆ? ಮರುದಿನ ಅತ್ತೆಗೆ ಊಟ ಸೇರಲಿಲ್ಲ. ನಡು ಮಧ್ಯಾಹ್ನ ಕಿಟಕಿ ಮುಚ್ಚಿ ಇಸ್ತ್ರಿ ಮೇಜಿನ ಮುಂದೆ ಹೋಗಿ ನಿಂತಳು.

"ಏನೇ, ನನ್ನ ಬೇಳೇಲಿ ಕಲ್ಲು ಸಿಕ್ತಾ?"

"ಇಲ್ಲ ಅತ್ತೆ."

"ಮತ್ತೆ ನನ್ನ ಮುಖದಲ್ಲಿ ಸಿಕ್ತಾ?"

ಇಸ್ತ್ರಿಯವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದಳು: "ನಿನ್ನ ಚೀಲಕ್ಕೆ ಒಂದು ಹಿಡಿ ಬೇಳೆ ಹಾಕಿದ್ರೆ ತಳದಲ್ಲೆಲ್ಲೋ ಹೋಗಿ ಕೂರುತ್ತೆ ಅತ್ತೆ. ಚೀಲ ಜೋಲಾಡುತ್ತೆ. ಇವತ್ತೂ ಇಷ್ಟೇನಾ ಅಂತ ಬೀದಿಯೆಲ್ಲಾ ನೋಡುತ್ತೆ. ಕವರು ಚಿಕ್ಕದು, ತುಂಬಿದ ಹಾಗೆ ಕಾಣುತ್ತೆ."

ಅತ್ತೆ ತನ್ನ ತಲೆಗೆ ತಾನೇ ಮೊಟಕಿಕೊಂಡಳು. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮೊದಲೇ ಬೈಬಾರದಿತ್ತಾ?" ಎಂದಳು.

"ನೀನು ಅಷ್ಟು ಪ್ರೀತಿಯಿಂದ ಕೊಟ್ಟಿದ್ದೆ. ಹೇಗೆ ಬೈಯೋದು?"

ಮನೆಗೆ ಬಂದವಳೇ ಅತ್ತೆ ಉಳಿದ ಚೀಲಗಳನ್ನೆಲ್ಲ ಕತ್ತರಿಸಿದಳು. ಕೊಟ್ಟವನ್ನೂ ವಾಪಸು ತರಿಸಿ ಕತ್ತರಿಸಿ, ಪುಟ್ಟ ಪುಟ್ಟ ಚೀಲ ಹೊಲಿದಳು. ಹಿಡಿ ಬೇಳೆಗೊಂದು ಅಳತೆ, ಬೊಗಸೆ ಅಕ್ಕಿಗೊಂದು ಅಳತೆ. ಅವರವರಿಗೆ ಬೇಕಾದ್ದನ್ನು ಅವರವರೇ ಆರಿಸಿಕೊಳ್ಳಲಿ ಎಂದು ಮೊಳೆಗೆ ತೂಗುಹಾಕಿದಳು. ಇಸ್ತ್ರಿಯವಳು ಕುತ್ತಿಗೆಮಟ್ಟ ತುಂಬಿದ ಪುಟ್ಟ ಚೀಲ ಬೀಸಿಕೊಂಡು ಬೀದಿಯ ನಟ್ಟನಡುವೆ ನಡೆದಳು. ಅವಳ ಹಿಂದೆಯೇ ಓಣಿಯ ಉಳಿದವರೂ ಚೀಲ ಕೇಳಿಕೊಂಡು ಬಂದರು. ಎದುರಂಗಡಿಯವನ ಹೆಂಡತಿಯೂ ಗಂಡನ ಕಣ್ಣು ತಪ್ಪಿಸಿ ಒಂದನ್ನು ಒಯ್ದಳಂತೆ.

ವರ್ಷಗಳುರುಳಿ ಅತ್ತೆಯ ಮಂಡಿ ಕೈಕೊಟ್ಟಿತು. ತಂಗಿ ತನ್ನ ಮನೆಗೆ ಕರೆದೊಯ್ಯಲು ಬಂದಳು. ಸಾಮಾನು ಕಟ್ಟಲು ಕೂತರೆ ಮನೆಯಲ್ಲಿ ಒಂದೂ ದೊಡ್ಡ ಚೀಲವಿಲ್ಲ! "ಜೀವಮಾನವೆಲ್ಲ ಚೀಲ ಹೊಲಿದೆಯಲ್ಲಕ್ಕಾ, ನಿನಗೊಂದು ಬೇಡವಾ?" ಎಂದು ತಂಗಿ ಹಣೆ ಚಚ್ಚಿಕೊಂಡಳು. ಇಸ್ತ್ರಿಯವಳು ಓಣಿಗೆಲ್ಲ ಕೂಗು ಹಾಕಿದಳು. ಮನೆಗೊಬ್ಬರು ಪುಟ್ಟ ಚೀಲ ತಂದರು. ಒಂದರಲ್ಲಿ ರವಿಕೆ, ಒಂದರಲ್ಲಿ ಲೋಟ, ಒಂದರಲ್ಲಿ ಕನ್ನಡಕ, ಔಷಧಿ.

"ಯಾರೂ ಇಣುಕಬೇಡಿ, ನನ್ನ ಆಸ್ತಿಯೆಲ್ಲಾ ಗೊತ್ತಾಗಿಬಿಡುತ್ತೆ" ಎಂದು ಗದರುತ್ತ ಅತ್ತೆ ಕಿಟಕಿಯ ಚಿಲಕ ಹಾಕಿದಳು.

"ಎಲ್ಲಾ ತುಂಬಿದಾವೆ ಅತ್ತೆ, ನಡಿ" ಎಂದಳು ಇಸ್ತ್ರಿಯವಳು.

ಅತ್ತೆ ಅವಳ ಭುಜ ಹಿಡಿದು ಹೊಸ್ತಿಲು ದಾಟಿದಳು.